ಹೆಡ್ಜ್, ಶಾರ್ಟ್, ಪಿಚ್: ಸಂದರ್ಶನಕ್ಕೆ ಹೊರಟವರಿಗಾಗಿ ಕೆಲವು ಪದಗಳು ಬೇಕಾಗಿವೆ

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ರಾಯಚೂರಿನ ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯ ಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿ ಓದಿ ಹೈದರಾಬಾದು, ಮುಂಬೈಗೆ ಹೋದ ಕೆಲವರು ಈಗ ಹೆಡ್ಜ್ ಫಂಡ್‌ಗಳ (ದೊಡ್ಡ ಹೂಡಿಕೆದಾರರ ಹಣವನ್ನು ಪೇಟೆಯಲ್ಲಿ ತೊಡಗಿಸುವ ನಿಧಿಗಳ) ಇಂಟರ್ನ್‌ಶಿಪ್ಪಿಗೂ ಕೆಲಸಕ್ಕೂ ಅರ್ಜಿ ಹಾಕುತ್ತಿದ್ದಾರೆ. ಅವರಿಗಾಗಿ ಕನ್ನಡದಲ್ಲಿ ಒಂದು ಕಿರುಪುಸ್ತಿಕೆ ಬರೆಯುತ್ತಿದ್ದೇನೆ. ಸಂದರ್ಶನ ನಡೆಯುವುದು ಇಂಗ್ಲಿಷಿನಲ್ಲೇ, ಅದರಲ್ಲಿ ಸಂಶಯವಿಲ್ಲ. ಆದರೆ ಸಿಂಧನೂರು, ಮಾನ್ವಿ, ದೇವದುರ್ಗದಿಂದ ಬಂದ ಮಕ್ಕಳು ಇಂಗ್ಲಿಷ್ ಪದವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಎದುರಿಗೆ ಕೂತವರು "ಅಂದರೇನು?" ಎಂದರೆ ಸಾಕು, ನಿಂತುಬಿಡುತ್ತಾರೆ. ಈ ಸಂದರ್ಶನಗಳಲ್ಲಿ ಅಭ್ಯರ್ಥಿಯನ್ನು ಅಳೆಯುವುದು ಮೊದಲ ಪ್ರಶ್ನೆಗಿಂತ ಅದರ ಬೆನ್ನಿಗೆ ಬರುವ ಎರಡನೆಯ, ಮೂರನೆಯ ಪ್ರಶ್ನೆ. ಅದಕ್ಕೆ ಅರ್ಥ ಒಳಗಿಳಿದಿರಬೇಕು. ಒಳಗಿಳಿಸಲು ನಿಘಂಟಿನ ಪದಗಳಿಗಿಂತ ನಮ್ಮೂರಿನ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜಿನ ಪದಗಳು ಹೆಚ್ಚು ಒದಗುತ್ತವೆ ಎಂಬುದು ನನ್ನ ನಿಲುವು. ಅವು ಒದಗದ ಕಡೆ ನಿಮ್ಮ ನೆರವು ಕೇಳುತ್ತಿದ್ದೇನೆ.

ಮೊದಲು ಹೆಸರನ್ನೇ ತೆಗೆದುಕೊಳ್ಳೋಣ. ಪತ್ರಿಕೆಗಳು 'ಹೆಡ್ಜ್ ಫಂಡ್' ಎಂದೇ ಬರೆಯುತ್ತವೆ. ಪದಕ್ಕೆ ಪದವಿಟ್ಟು 'ಬೇಲಿ ನಿಧಿ' ಎಂದರೆ ಹಿಂದಿನ ಬೆಂಚಿನಿಂದ 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬ ಗಾದೆ ಬಂದೇ ಬರುತ್ತದೆ. 1998ರಲ್ಲಿ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಅಮೆರಿಕದ ಹೆಡ್ಜ್ ಫಂಡ್ ಮುಳುಗಿದ ಕಥೆ ಬಲ್ಲವರು ಆ ಹುಡುಗನನ್ನು ಗದರಿಸಲಾರರು. ಷೇರು ಪೇಟೆಯ ನಿಯಂತ್ರಕ ಸೆಬಿಯ 2012ರ ನಿಯಮಾವಳಿಯಲ್ಲಿ ಇಂಥವು 'ಪರ್ಯಾಯ ಹೂಡಿಕೆ ನಿಧಿ'ಗಳ ಮೂರನೆಯ ವರ್ಗಕ್ಕೆ ಸೇರುತ್ತವೆ; ಸಾಮಾನ್ಯವಾಗಿ ಒಬ್ಬ ಹೂಡಿಕೆದಾರ ಕನಿಷ್ಠ 1 ಕೋಟಿ ರೂಪಾಯಿ ಹಾಕಬೇಕು. ಆದರೆ ಅದೇ ಹೆಸರಿನಡಿ ನವೋದ್ಯಮಗಳಿಗೆ ಬಂಡವಾಳ ಕೊಡುವ ನಿಧಿಗಳೂ ಬರುವುದರಿಂದ, ಹೆಡ್ಜ್ ಎಂಬುದರ ತಿರುಳು ಅಲ್ಲಿ ಸಿಗುವುದಿಲ್ಲ.

ತಿರುಳು ಇರುವುದು 1949ರ ನ್ಯೂಯಾರ್ಕಿನಲ್ಲಿ. ಆಲ್ಫ್ರೆಡ್ ವಿನ್ಸ್ಲೋ ಜೋನ್ಸ್ ಎಂಬಾತ 1 ಲಕ್ಷ ಡಾಲರ್ ಕೂಡಿಸಿ ಒಂದು ನಿಧಿ ಕಟ್ಟಿದ. ಅದರಲ್ಲಿ 40 ಸಾವಿರ ಅವನದೇ ಹಣ. ಏರುತ್ತವೆ ಎನಿಸಿದ ಷೇರುಗಳನ್ನು ಕೊಂಡ, ಇಳಿಯುತ್ತವೆ ಎನಿಸಿದ ಷೇರುಗಳನ್ನು ಕಡ ತಂದು ಮಾರಿದ. ಪೇಟೆಗೆ ಪೇಟೆಯೇ ಬಿದ್ದರೂ ಒಂದು ಮಗ್ಗುಲಿನ ನಷ್ಟವನ್ನು ಇನ್ನೊಂದು ಮಗ್ಗುಲಿನ ಲಾಭ ತಡೆಯುತ್ತದೆ ಎಂಬುದು ಅವನ ಲೆಕ್ಕ. ಅಂದಹಾಗೆ ಅವನು ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಪತ್ರಕರ್ತನಾಗಿದ್ದವನು. ಹಣಕಾಸು ಓದಿಲ್ಲ ಎಂದು ಹಿಂಜರಿಯುವ ಮಕ್ಕಳಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ಇದೇ ಕೆಲಸವನ್ನು ಹತ್ತಿ ವ್ಯಾಪಾರದಲ್ಲೂ ಕಾಣಬಹುದು. ರೈತರಿಂದ ಹತ್ತಿ ಕೊಂಡ ಜಿನ್ನಿಂಗ್ ಮಿಲ್ಲಿನವನು ಅರಳೆ ಮಾಡಿ, ಬೇಲು ಕಟ್ಟಿ ಮಾರುವ ಹೊತ್ತಿಗೆ ದರ ಬೀಳಬಹುದು. ಆ ಭಯಕ್ಕೆ ವಾಯಿದೆ ಪೇಟೆಯಲ್ಲಿ (ಮುಂದೆ ಕೊಡುವ ಸರಕಿಗೆ ಈಗಲೇ ದರ ಗೊತ್ತುಮಾಡುವ ಪೇಟೆ) ಇಂದಿನ ದರಕ್ಕೇ ಮಾರಿಟ್ಟುಕೊಂಡರೆ ಅದು ಹೆಡ್ಜ್. ಇದಕ್ಕೆ ನನಗೆ ಹೊಳೆದ ಪದ 'ಒಡ್ಡು'. ಮಣ್ಣು ಕೊಚ್ಚಿಹೋಗದಂತೆ ಹೊಲಕ್ಕೆ ಹಾಕುವುದು ಒಡ್ಡು. ಜೂಜಿನಲ್ಲಿ ಪಣವನ್ನು ಒಡ್ಡುತ್ತೇವೆ. ಅಪಾಯಕ್ಕೆ ಮೈಯೊಡ್ಡುತ್ತೇವೆ. ಕಾಯುವುದು, ಪಣವಿಡುವುದು, ಅಪಾಯಕ್ಕೆ ತೆರೆದುಕೊಳ್ಳುವುದು, ಮೂರೂ ಒಂದೇ ಪದದಲ್ಲಿ ಕೂತಿವೆ, ಮತ್ತು ಈ ನಿಧಿಗಳು ಮಾಡುವುದೂ ಆ ಮೂರನ್ನೇ. 'ಒಡ್ಡು ನಿಧಿ' ಎಂದು ಅಚ್ಚು ಹಾಕಿಸಲು ಧೈರ್ಯವಿಲ್ಲ. 'ನಷ್ಟಕ್ಕೆ ಒಡ್ಡು ಹಾಕುವುದು' ಎಂದು ವಿವರಣೆಯಲ್ಲಿ ಬಳಸಬಹುದೇ? ಮೂರೂ ಅರ್ಥಗಳ ಒಡ್ಡು ಮೂಲದಲ್ಲಿ ಒಂದೇ ಧಾತುವೋ ಬೇರೆ ಬೇರೆಯೋ, ಹಳಗನ್ನಡ ಬಲ್ಲವರು ತಿಳಿಸಬೇಕು.

ಎರಡನೆಯದು ಶಾರ್ಟ್. ಸಂದರ್ಶನದಲ್ಲಿ "ಕೊಳ್ಳಬೇಕಾದ ಒಂದು ಷೇರು ಹೇಳಿ, ಶಾರ್ಟ್ ಮಾಡಬೇಕಾದ ಒಂದು ಷೇರು ಹೇಳಿ" ಎಂದು ಕೇಳುವುದು ವಾಡಿಕೆ. ಮೊದಲನೆಯದಕ್ಕೆ ಎಲ್ಲರಲ್ಲೂ ಉತ್ತರವಿರುತ್ತದೆ, ಎರಡನೆಯದಕ್ಕೆ ಬೆವರುತ್ತಾರೆ. ಗಂಜಿನ ತೇಜಿ (ದರದ ಏರಿಕೆ), ಮಂದಿ (ಇಳಿಕೆ) ಇಲ್ಲಿ ಒಂದಿಷ್ಟು ನೆರವಾಗುತ್ತವೆ. ತೇಜಿ ಸರಿಯೇ, ಆದರೆ ಜನಕ್ಕೆ 'ಮಂದಿ' ಎನ್ನುವ ನಮ್ಮ ಸೀಮೆಯಲ್ಲಿ 'ಪೇಟೆಯಲ್ಲಿ ಮಂದಿ ಇದೆ' ಎಂದರೆ ಜಾತ್ರೆ ನೆರೆದಿದೆ ಎಂದಾಗುತ್ತದೆ. ಪತ್ರಿಕೆಗಳ ಗೂಳಿ, ಕರಡಿಯೂ ನಮ್ಮವರಿಗೆ ನಾಟುವುದಿಲ್ಲ. ಕರಡಿ ಎಂದರೆ ಬಳ್ಳಾರಿ ಸೀಮೆಯ ದರೋಜಿಯ ಕರಡಿಧಾಮ ನೆನಪಾಗುತ್ತದೆಯೇ ಹೊರತು ಬೀಳುವ ದರವಲ್ಲ. ಕರಡಿ ಹಿಡಿಯುವ ಮುಂಚೆಯೇ ಅದರ ತೊಗಲು ಮಾರುವವರು ಎಂಬ ಮಾತಿನಿಂದ ಲಂಡನ್ನಿನಲ್ಲಿ ಆ ಹೆಸರು ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರಿಗೆ ಅವರು ಅಣ್ಣಂದಿರು.

ನನ್ನ ತೊಡಕು ಇದು. ಶಾರ್ಟ್ ಮಾಡುವುದೆಂದರೆ ಷೇರನ್ನು ಕಡ ತಂದು ಇಂದು ಮಾರಿ, ಮುಂದೆ ಅಗ್ಗಕ್ಕೆ ಕೊಂಡು ಹಿಂದಿರುಗಿಸುವುದು. ದರ ಏರಿದರೆ ನಷ್ಟಕ್ಕೆ ಮಿತಿಯೇ ಇಲ್ಲ, ಏಕೆಂದರೆ ಏರಿಕೆಗೆ ಮಿತಿಯಿಲ್ಲ. 'ಕಡಮಾರಾಟ' ಎಂದು ಕೂಡಿಸಿದೆ. ನಮ್ಮ ಕಡೆ ಸಾಲಕ್ಕೆ ಸರಕು ಮಾರಿದರೆ 'ಉದ್ರಿ' ಎನ್ನುತ್ತೇವೆ, ಆದ್ದರಿಂದ ಇಲ್ಲಿ ಗೊಂದಲವಿಲ್ಲ. ದಕ್ಷಿಣದ ಓದುಗರಿಗೆ 'ಕಡಮಾರಾಟ'ವೂ ಸಾಲದ ಮಾರಾಟವೆಂದೇ ಕೇಳಿಸುತ್ತದೆಯೇ? ಮೈಸೂರು, ತುಮಕೂರಿನ ಕಡೆಯವರು ಹೇಳಬೇಕು. ಕಡವನ್ನೂ ತರದೆ ಬರಿಗೈಯಲ್ಲಿ ಮಾರುವುದಕ್ಕೆ ಸೆಬಿಯ ಒಪ್ಪಿಗೆಯಿಲ್ಲ. ಅದಕ್ಕೆ 'ಬರಿಗೈ ಮಾರಾಟ' ಎಂದಿಟ್ಟಿದ್ದೇನೆ.

ಮೂರನೆಯದು ಪಿಚ್, ಪುಸ್ತಿಕೆಯ ಅರ್ಧ ಭಾಗ ಇದೇ. ಇದಕ್ಕೆ ಮುಂಚಿನ ಸುತ್ತುಗಳು ಸರಳ: ಫೋನಿನಲ್ಲಿ ಒಂದು ಮಾತುಕತೆ, ನಿಮ್ಮ ಬಗ್ಗೆ ಹೇಳಿ, ಈ ಕೆಲಸವೇ ಏಕೆ, ನಮ್ಮ ನಿಧಿಯೇ ಏಕೆ ಎಂಬ ಪ್ರಶ್ನೆಗಳು. ಇಂಟರ್ನ್‌ಗಳಿಂದ ಪಕ್ವವಾದ ಲೆಕ್ಕಪತ್ರ ಮಾದರಿ ಬಯಸದಿದ್ದರೂ ಪೇಟೆಯ ಮೇಲಿನ ನಿಜವಾದ ಹುಚ್ಚು ಕಾಣಬೇಕು. ಆಮೇಲೆ ಬರುವುದೇ ಪಿಚ್: ಒಂದು ಷೇರಿನ ಪರವಾಗಿ ಕೆಲವೇ ನಿಮಿಷಗಳಲ್ಲಿ ವಾದ ಹೂಡುವುದು. ಇಂದಿನ ದರವೆಷ್ಟು, ನಿಮ್ಮ ಪ್ರಕಾರ ಎಷ್ಟಾಗಬೇಕು, ಪೇಟೆಯ ಇಷ್ಟು ಜನರಿಗೆ ಕಾಣದ್ದು ನಿಮಗೆ ಹೇಗೆ ಕಂಡಿತು, ಏನಾದರೆ ನಿಮ್ಮ ವಾದ ಮುರಿಯುತ್ತದೆ. ಕೆಲವು ಕಡೆ ಒಂದು ಕಂಪನಿಯ ವಾರ್ಷಿಕ ವರದಿ ಕೊಟ್ಟು, ಕೆಲವು ಗಂಟೆಗಳಲ್ಲೋ ವಾರಾಂತ್ಯದೊಳಗೋ ಓದಿ ಬರೆದು ತರಲು ಹೇಳುತ್ತಾರೆ. ಹತ್ತು ಷೇರುಗಳ ಹೆಸರು ಬಲ್ಲವನಿಗಿಂತ ಎರಡನ್ನು ಬೇರಿನವರೆಗೆ ಬಲ್ಲವನು ಇಲ್ಲಿ ಗೆಲ್ಲುತ್ತಾನೆ.

'ಪಿಚ್' ಎಂದು ಬರೆದರೆ ಓದುಗ ಕ್ರಿಕೆಟ್ ಅಂಗಳಕ್ಕೆ ಹೋಗುತ್ತಾನೆ. 'ಶಿಫಾರಸು' ಎಂದರೆ ನಮ್ಮ ಮಕ್ಕಳಿಗೆ ಶಾಸಕರ ಪತ್ರ ನೆನಪಾಗುತ್ತದೆ. ಆ ಪತ್ರ ಈ ಸಂದರ್ಶನದಲ್ಲಿ ನಡೆಯುವುದಿಲ್ಲ ಎಂದು ಬೇರೆ ಹೇಳಬೇಕಾಗುತ್ತದೆ. 'ಮಂಡನೆ' ಬಜೆಟ್ಟಿಗೆ ಮೀಸಲಾಗಿದೆ. 'ಷೇರುವಾದ' ಎಂದರೆ ತತ್ತ್ವಶಾಸ್ತ್ರದ ಪಂಥದಂತೆ ಕೇಳುತ್ತದೆ, ಆದರೂ ಸದ್ಯಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಸಿಕ್ಕರೆ ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಪಿಚ್‌ನೊಳಗೇ ಕ್ಯಾಟಲಿಸ್ಟ್ ಎಂಬ ಇನ್ನೊಂದು ಪದವಿದೆ. ರಸಾಯನಶಾಸ್ತ್ರದ ಪಠ್ಯದಲ್ಲಿ ಅದು 'ವೇಗವರ್ಧಕ' ಅಥವಾ 'ಕ್ರಿಯಾವರ್ಧಕ'. ಇಲ್ಲಿ ಆ ಅರ್ಥ ಸಾಲದು. ನೀವು ಹೇಳುವುದು ನಿಜವೇ ಇರಬಹುದು, ಆದರೆ ಪೇಟೆಗೆ ಅದು ಯಾವಾಗ, ಯಾವುದರಿಂದ ತಿಳಿಯುತ್ತದೆ ಎಂದು ಸಂದರ್ಶಕ ಕೇಳುತ್ತಾನೆ. ತ್ರೈಮಾಸಿಕ ಫಲಿತಾಂಶವಿರಬಹುದು, ಹೊಸ ಕಾರ್ಖಾನೆ ಇರಬಹುದು, ಸರ್ಕಾರದ ಆದೇಶವಿರಬಹುದು. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹತ್ತಿಯ ಆಮದಿನ ಮೇಲಿದ್ದ ಶೇ 11ರ ಸುಂಕವನ್ನು ತಾತ್ಕಾಲಿಕವಾಗಿ ತೆಗೆಯಿತು. ನೂಲಿನ ಗಿರಣಿಗೆ ಕಚ್ಚಾ ಸರಕು ಅಗ್ಗವಾಗುವ ದಾರಿ ಅದು. ಹತ್ತಿ ಬೆಳೆದವನಿಗೆ ದರ ಕುಸಿಯುವ ಭಯ. ಒಂದೇ ಆದೇಶ ಒಂದು ಷೇರುವಾದಕ್ಕೆ ಬೆಂಬಲವಾಗಿ, ಇನ್ನೊಂದನ್ನು ಮುರಿಯುತ್ತದೆ. ಇದಕ್ಕೆ 'ನಿಮಿತ್ತ' ಎಂಬ ಪದ ಚೆನ್ನಾಗಿ ಹೊಂದುತ್ತದೆ ಎನಿಸುತ್ತದೆ. ಶಕುನದ ಅರ್ಥವೂ ಅದಕ್ಕಿದೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಷೇರು ಪೇಟೆಯಲ್ಲಿ ಶಕುನ ನೋಡುವವರೇನು ಕಡಿಮೆಯೇ?

ಗೆಳೆಯನ ಕಂಪನಿಯ ಗುಟ್ಟು ತಿಳಿದು ವಾದ ಕಟ್ಟಿದರೆ ಅಲ್ಲಿಗೇ ಕಥೆ ಮುಗಿಯುತ್ತದೆ. ಅಭ್ಯರ್ಥಿಗೆ ಆ ಗೆರೆ ಗೊತ್ತೇ ಎಂದು ಪರೀಕ್ಷಿಸುವ ಪ್ರಶ್ನೆಗಳೂ ಇರುತ್ತವೆ. ಸೆಬಿಯ 2015ರ ನಿಯಮಗಳು ಇದಕ್ಕೆಂದೇ ಇವೆ. ಇಂಗ್ಲಿಷಿನ 'ಇನ್‌ಸೈಡರ್ ಟ್ರೇಡಿಂಗ್' ಅನ್ನು 'ಆಂತರಿಕ ವಹಿವಾಟು' ಎಂದರೆ ಕಂಪನಿಯೊಳಗಿನ ಲೆಕ್ಕದಂತಿದೆ. 'ಒಳಸುಳಿವಿನ ವ್ಯಾಪಾರ' ಎಂದು ಬರೆದಿದ್ದೇನೆ, ಇದಕ್ಕೆ ಬಹುಶಃ ತಕರಾರು ಬರಲಾರದು.

ಕೊನೆಯದು ಗಣಿತದ ಬಲದ ಮೇಲೆ ನಡೆಯುವ ನಿಧಿಗಳದ್ದು. ಹೈದರಾಬಾದಿನಲ್ಲಿ ಕಚೇರಿಯಿರುವ ಡಿ.ಇ. ಶಾ ಅಂಥದ್ದು, ಗಣಕ ವಿಜ್ಞಾನಿಯೊಬ್ಬರು 1988ರಲ್ಲಿ ಕಟ್ಟಿದ ಸಂಸ್ಥೆ. ಈ ಬಗೆಯ ನಿಧಿಗಳ ಸಂದರ್ಶನಗಳಲ್ಲಿ ಸಂಭವನೀಯತೆ, ಬಾಯಿಲೆಕ್ಕ, ಪ್ರೋಗ್ರಾಮಿಂಗ್ ಹೆಚ್ಚು. ಮಾದರಿಗೆ ಒಂದು: ದಾಳ ಉರುಳಿಸಿ ಬಿದ್ದಷ್ಟು ರೂಪಾಯಿ ನಿಮಗೆ, ಬೇಡವೆನಿಸಿದರೆ ಒಮ್ಮೆ ಮಾತ್ರ ಮತ್ತೆ ಉರುಳಿಸಬಹುದು. ಈ ಆಟದ ಬೆಲೆಯೆಷ್ಟು? ಒಂದೇ ಎಸೆತದ ಸರಾಸರಿ 3.5. ಹಾಗಾಗಿ 4, 5, 6 ಬಿದ್ದರೆ ಇಟ್ಟುಕೊಳ್ಳಬೇಕು, ಉಳಿದರೆ ಮತ್ತೆ ಎಸೆಯಬೇಕು. ಅರ್ಧ ಸಲ ಸರಾಸರಿ 5, ಅರ್ಧ ಸಲ 3.5, ಅಲ್ಲಿಗೆ 4.25. ಪಠ್ಯದಲ್ಲಿ ಇದು 'ನಿರೀಕ್ಷಿತ ಮೌಲ್ಯ'. ಯಾವ ದಾಳದ ಮೇಲೂ ಇಲ್ಲದ 4.25ನ್ನು ನಾವು ನಿರೀಕ್ಷಿಸುವುದು ಹೇಗೆ ಎಂದು ಒಬ್ಬಳು ಕೇಳಿದಳು. 'ಸರಾಸರಿ ಗಳಿಕೆ' ಸಾಕಲ್ಲವೇ?

ಇನ್ನೊಂದು ಆಟವಿದೆ. ನಿಮಗೆ ಖಚಿತವಿಲ್ಲದ ಒಂದು ಸಂಖ್ಯೆಗೆ ಕೊಳ್ಳುವ ದರ, ಮಾರುವ ದರ ಎರಡನ್ನೂ ಹೇಳಬೇಕು. ಸಂದರ್ಶಕ ಯಾವುದನ್ನು ಬೇಕಾದರೂ ಹಿಡಿಯಬಹುದು. ತುಂಗಭದ್ರಾ ಅಣೆಕಟ್ಟೆಗೆ ಎಷ್ಟು ಗೇಟು ಎಂದು ಹೊರಗಿನವನನ್ನು ಕೇಳಿದೆ ಎನ್ನಿ. (2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋದ ಮೇಲೆ ನಮ್ಮ ಮಕ್ಕಳಿಗೆಲ್ಲ 33 ಎಂದು ಗೊತ್ತು, ಅವರ ಮೇಲೆ ಈ ಆಟ ನಡೆಯದು.) ಅವನು 20ಕ್ಕೆ ಕೊಳ್ಳುತ್ತೇನೆ, 30ಕ್ಕೆ ಮಾರುತ್ತೇನೆ ಎಂದರೆ, ನಿಜವಾದ ಸಂಖ್ಯೆ 33 ಆದ್ದರಿಂದ ನಾನು 30ಕ್ಕೆ ಕೊಂಡು 3 ಗಳಿಸುತ್ತೇನೆ. ನಾನು ಕೊಂಡದ್ದೇ ಅವನಿಗೆ ಸುಳಿವು. ಮುಂದಿನ ಸಲ ಎರಡೂ ದರ ಮೇಲೆ ಸರಿಯಬೇಕು. ಸಂದರ್ಶಕ ನೋಡುವುದು ಆ ಸರಿಯುವಿಕೆಯನ್ನೇ.

ಇಲ್ಲಿ ಕೊಳ್ಳುವ ದರಕ್ಕೆ ಹರಾಜಿನ 'ಸವಾಲು' ಸಿದ್ಧವಾಗಿಯೇ ಇದೆ, ಸವಾಲು ಕೂಗುವುದು ಎಲ್ಲರಿಗೂ ಗೊತ್ತು. ಮಾರುವವನ ದರಕ್ಕೆ ಅಂಥ ಒಂಟಿ ಪದ ಸಿಗುತ್ತಿಲ್ಲ. ಲಾವಣಿಯ ಸವಾಲ್-ಜವಾಬ್ ನೆನೆದು 'ಜವಾಬು' ಎಂದಿಡೋಣವೆನಿಸಿದೆ. ನಮ್ಮ ಭಾಗದಲ್ಲಿ ಇದು ಒಪ್ಪಿಗೆಯಾದೀತು; ಉಳಿದ ಕಡೆಯ ಓದುಗರಿಗೆ ಹೇಗೆ ಕೇಳಿಸುತ್ತದೆ? ನಿಮ್ಮೂರಿನ ದನದ ಸಂತೆಯಲ್ಲೋ ಅಡಿಕೆ ಮಂಡಿಯಲ್ಲೋ ಮಾರುವವನು ಹೇಳುವ ದರಕ್ಕೆ ಬೇರೆ ಪದವಿದ್ದರೆ, ಊರಿನ ಹೆಸರಿನೊಂದಿಗೆ ಬರೆಯಿರಿ.