ಸಹಾಯ ಬೇಕು: ಎತ್ತರದಲ್ಲಿ ಒಂಟಿಯಾಗಿ ನಡೆಯುವಾಗ ಉಪವಾಸ ಮಾಡಬಹುದಾ?

ಎತ್ತರದ ಪರ್ವತಗಳಲ್ಲಿ ಒಬ್ಬಳೇ ದೂರದ ನಡಿಗೆಗೆ ಹೊರಡುತ್ತಿದ್ದೇನೆ. ನನಗಿರುವ ಧೈರ್ಯವೆಲ್ಲ ದೇವರ ಮೇಲಿನ ನಂಬಿಕೆಯದು. ವಾರಕ್ಕೊಂದು ಉಪವಾಸ ಇದೆ, ಬಿಡಲು ಮನಸ್ಸಿಲ್ಲ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ಅದನ್ನೆಲ್ಲ ಲೆಕ್ಕ ಹಾಕಿಯೇ ದಾರಿ ಗುರುತಿಸಿದ್ದೇನೆ.

ತಗ್ಗಿನ ಬೆಟ್ಟಗಳಲ್ಲಿ ಬರೀ ನೀರು ಕುಡಿದು ನಡೆದು ನೋಡಿದೆ. ಸಂಜೆಗೆ ತಲೆನೋವು, ಸುಸ್ತು, ಹೊಟ್ಟೆ ತೊಳಸಿದ ಹಾಗೆ. ಎತ್ತರದ ಕಾಯಿಲೆ ಶುರುವಾಗುವುದೂ ಹೀಗೇ ಅಲ್ವಾ? ಮೇಲೆ ಹೋದಾಗ ಇದು ಹಸಿವಿನದೋ, ಎತ್ತರದ್ದೋ ಅಂತ ಹೇಗೆ ತಿಳಿಯಲಿ? ನೋಡಿ ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ವ್ರತ ಇಟ್ಟುಕೊಂಡು ಎತ್ತರದಲ್ಲಿ ನಡೆದವರು ದಯವಿಟ್ಟು ಹೇಳಿ: ಉಪವಾಸವನ್ನು ವಿಶ್ರಾಂತಿಯ ದಿನಕ್ಕೆ ಇಟ್ಟುಕೊಂಡರೆ ಸಾಕಾ, ಅಥವಾ 3,000 ಮೀಟರ್ ಮೇಲೆ ಪೂರ್ತಿ ಬಿಡಬೇಕಾ?