ಬೆಂಕಿ ‘ಶೇ 40ರಷ್ಟು ಹತೋಟಿಗೆ’ ಬಂದ ಮೇಲೂ ಊರು ಬಿಡಬೇಕೇ? ಕಾಡ್ಗಿಚ್ಚಿನ ಬಗ್ಗೆ ನಿವೃತ್ತ ವಲಯ ಅರಣ್ಯಾಧಿಕಾರಿಯೊಡನೆ ಪ್ರಶ್ನೋತ್ತರ

ಪ್ರಶ್ನೆ (ಜಯನಗರದಿಂದ): ನಮಸ್ಕಾರ ಸರ್. ನನ್ನ ಮಗಳು, ಅಳಿಯ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಬೆಟ್ಟದ ಸೆರಗಿನ ಒಂದು ಸಣ್ಣ ಊರಿನಲ್ಲಿದ್ದಾರೆ. ಸುಮಾರು ಹದಿನೈದು ಕಿಲೋಮೀಟರ್ ಆಚೆ ಕಾಡಿಗೆ ಬೆಂಕಿ ಬಿದ್ದಿದೆ. ನಿನ್ನೆ ‘ಶೇ 40ರಷ್ಟು ಹತೋಟಿಗೆ ಬಂದಿದೆ’ ಎಂಬ ಸುದ್ದಿ. ಇವತ್ತು ಅವರ ಊರಿಗೇ ತೆರವಿನ ಎಚ್ಚರಿಕೆ ಬಂದಿದೆ. ಹತೋಟಿಗೆ ಬರುತ್ತಿರುವ ಬೆಂಕಿಗೆ ಊರು ಬಿಡುವುದೇಕೆ? ಅಳಿಯ ‘ಆದೇಶವೇನೂ ಬಂದಿಲ್ಲ, ನೋಡೋಣ’ ಎನ್ನುತ್ತಿದ್ದಾರೆ. ಇಲ್ಲಿ ಬಿಡದೆ ಮಳೆ ಸುರಿಯುತ್ತಿದೆ, ನನಗೆ ಮಾತ್ರ ರಾತ್ರಿಯಿಡೀ ನಿದ್ದೆಯಿಲ್ಲ.

ಉತ್ತರ: ಅಮ್ಮ, ಮೊದಲು ಫೋನ್ ಮಾಡಿ, ವಿವರಣೆಯನ್ನು ಆಮೇಲೆ ಓದಿ. ಅವರು ಈಗಲೇ ಹೊರಡಲಿ.

ಅಲ್ಲಿ ತೆರವಿಗೆ ಎರಡು ಹಂತ. ಮೊದಲನೆಯದು ‘ಎಚ್ಚರಿಕೆ’: ಅಪಾಯ ಬರಬಹುದು, ವಯಸ್ಸಾದವರು, ಮಕ್ಕಳಿರುವವರು, ದನ ಕುದುರೆ ಸಾಗಿಸಬೇಕಾದವರು ಈಗಲೇ ಹೊರಡಿ ಎಂದು ಅರ್ಥ. ಎರಡನೆಯದು ‘ಆದೇಶ’: ಪ್ರಾಣಕ್ಕೆ ಅಪಾಯ ಬಂದಿದೆ, ಬಿಡಿ ಎಂದು ಅರ್ಥ. ಮೊದಲ ಹಂತದಲ್ಲಿ ಹೊರಟವನಿಗೆ ರಸ್ತೆ ಖಾಲಿ ಇರುತ್ತದೆ. ಎರಡನೆಯದಕ್ಕೆ ಕಾದವನು ಇಡೀ ಊರಿನ ಜೊತೆ ಹೊರಡುತ್ತಾನೆ. ನಿಮ್ಮ ಅಳಿಯಂದಿರು ಬೆಂಗಳೂರಿನಲ್ಲಿ ಬೆಳೆದವರಾದರೆ, ಸಂಜೆ ಆರು ಗಂಟೆಯ ಸಿಲ್ಕ್ ಬೋರ್ಡ್ ಎಂದಷ್ಟೇ ಹೇಳಿ, ಅರ್ಥವಾಗುತ್ತದೆ.

ಇನ್ನು ಶೇ 40ರ ವಿಷಯ. ಕಾಡಿನ ಬೆಂಕಿಯನ್ನು ಆರಿಸುವುದು ಕೊನೆಯ ಕೆಲಸ. ಮೊದಲ ಕೆಲಸ ಅದನ್ನು ಸುತ್ತುಗಟ್ಟುವುದು. ಬುಲ್ಡೋಜರ್, ಗುದ್ದಲಿ, ಗರಗಸ ಹಿಡಿದು ಸುತ್ತಲೂ ಎಲೆ, ಹುಲ್ಲು, ಪೊದೆ ತೆಗೆದು ಬರಿ ಮಣ್ಣು ಕಾಣುವಂತೆ ಪಟ್ಟಿ ಬಿಡಿಸುತ್ತಾರೆ. ನದಿ, ರಸ್ತೆ, ಬಂಡೆ ಇದ್ದರೆ ಅದನ್ನೇ ಗಡಿ ಮಾಡಿಕೊಳ್ಳುತ್ತಾರೆ. ಬೆಂಕಿಯ ಸುತ್ತಳತೆ ನೂರು ಕಿಲೋಮೀಟರ್ ಇದ್ದು, ನಲವತ್ತು ಕಿಲೋಮೀಟರಿನಲ್ಲಿ ‘ಇದನ್ನು ದಾಟಲಾರದು’ ಎಂಬ ಭರವಸೆ ಬಂದಿದ್ದರೆ ಅದು ಶೇ 40. ಉಳಿದ ಅರವತ್ತು ಕಿಲೋಮೀಟರ್ ಬಯಲು. ಗದ್ದೆಗೆ ನೀರು ಕಟ್ಟುವಾಗ ಮೂರು ಬದು ಹಾಕಿ ನಾಲ್ಕನೆಯದನ್ನು ಬಿಟ್ಟರೆ ನೀರು ಎಲ್ಲಿಗೆ ಹೋಗುತ್ತದೆ? ಆ ನಾಲ್ಕನೆಯ ಬದುವಿನ ಕಡೆ ನಿಮ್ಮ ಮಗಳ ಊರಿದೆಯೇ ಎಂಬುದೊಂದೇ ಪ್ರಶ್ನೆ. ಅದನ್ನು ಶೇಕಡಾವಾರು ಅಂಕಿ ಹೇಳುವುದಿಲ್ಲ. ನಕ್ಷೆ ಹೇಳುತ್ತದೆ, ಗಾಳಿ ಹೇಳುತ್ತದೆ. ನೂರಕ್ಕೆ ನೂರು ಸುತ್ತುಗಟ್ಟಿದರೂ ಒಳಗೆ ವಾರಗಟ್ಟಲೆ ಉರಿಯುತ್ತಿರಬಹುದು.

ಮರುಪ್ರಶ್ನೆ (ಅವರಿಂದಲೇ): ಫೋನ್ ಮಾಡಿದೆ ಸರ್. ‘ಹದಿನೈದು ಕಿಲೋಮೀಟರ್ ಇದೆ, ಬೆಂಕಿ ಕಂಡ ಮೇಲೆ ಹೊರಟರೂ ಆಗುತ್ತದೆ. ಪೈಪಿನಲ್ಲಿ ಚಾವಣಿಗೆ ನೀರು ಹೊಡೆಯುತ್ತೇನೆ’ ಎನ್ನುತ್ತಾರೆ.

ಉತ್ತರ: 2018ರ ನವೆಂಬರ್ 8ರಂದು ಅದೇ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಆರೂವರೆಯ ಸುಮಾರಿಗೆ ವಿದ್ಯುತ್ ತಂತಿಯಿಂದ ಬೆಂಕಿ ಹತ್ತಿತು. ಎಂಟರ ಹೊತ್ತಿಗೆ ಪ್ಯಾರಡೈಸ್ ಎಂಬ ಊರಿನೊಳಗಿತ್ತು. ಆ ಊರಿಗೆ ತೆರವಿನ ಯೋಜನೆ ಇರಲಿಲ್ಲವೆಂದಲ್ಲ. ಊರನ್ನು ವಲಯಗಳಾಗಿ ವಿಂಗಡಿಸಿ, ಒಂದಾದ ಮೇಲೊಂದನ್ನು ಖಾಲಿ ಮಾಡಿಸುವ ಲೆಕ್ಕಾಚಾರವಿತ್ತು. ಬೆಂಕಿ ಆ ಲೆಕ್ಕಕ್ಕೆ ಸಿಗಲಿಲ್ಲ. ಸತ್ತವರು 85 ಮಂದಿ, ಬಹುಪಾಲು ವಯಸ್ಸಾದವರು.

ಇಷ್ಟು ವೇಗ ಹೇಗೆಂದರೆ, ಜ್ವಾಲೆ ನೆಲದ ಮೇಲೆ ನಡೆದುಕೊಂಡೇ ಬರಬೇಕಿಲ್ಲ. ಗಾಳಿ ಕೆಂಡದ ಚೂರುಗಳನ್ನು ಎತ್ತಿ ಕಿಲೋಮೀಟರುಗಳಷ್ಟು ಮುಂದೆ ಎಸೆಯುತ್ತದೆ. ಅವು ಮಳೆನೀರಿನ ದೋಣಿಯೊಳಗಿನ ಒಣ ಎಲೆಗೆ, ಗಾಳಿಕಿಂಡಿಗೆ ಬಿದ್ದು ಮನೆ ಒಳಗಿನಿಂದ ಉರಿಯುತ್ತದೆ. ಪೈಪಿನ ಮಾತು ಬಿಡಲು ಹೇಳಿ. ಕರೆಂಟು ಹೋಗುತ್ತದೆ, ಊರೆಲ್ಲ ನಲ್ಲಿ ತಿರುಗಿಸಿದಾಗ ನೀರಿನ ಒತ್ತಡವೂ ಹೋಗುತ್ತದೆ. ‘ಸಿದ್ಧತೆ ಮಾಡಿಕೊಂಡು ನಿಂತು ಮನೆ ಉಳಿಸಿಕೊಳ್ಳಿ, ಇಲ್ಲವೇ ಬೇಗ ಹೊರಡಿ’ ಎಂಬ ನೀತಿ ಆಸ್ಟ್ರೇಲಿಯಾದಲ್ಲಿತ್ತು. 2009ರ ಫೆಬ್ರವರಿ 7ರಂದು ವಿಕ್ಟೋರಿಯಾ ರಾಜ್ಯದಲ್ಲಿ 173 ಜನ ಸತ್ತ ಮೇಲೆ, ಅತಿ ಕೆಟ್ಟ ದಿನಗಳಲ್ಲಿ ಮುಂಚೆಯೇ ಹೊರಡುವುದೇ ದಾರಿ ಎಂದು ಅವರೂ ಹೇಳತೊಡಗಿದರು.

ಕಾರಿನಲ್ಲಿ ಪಾಸ್‌ಪೋರ್ಟ್, ವೀಸಾ ಕಾಗದ, ಔಷಧಿ, ಕನ್ನಡಕ, ಚಾರ್ಜರ್ ಇರಲಿ. ಮೈಮೇಲೆ ಹತ್ತಿ ಅಥವಾ ಉಣ್ಣೆಯ ಉದ್ದ ತೋಳಿನ ಬಟ್ಟೆ ಇರಲಿ, ನೈಲಾನ್ ಬೇಡ. ಬೇರೆ ಏನನ್ನೂ ಹುಡುಕುತ್ತ ಕೂರುವುದು ಬೇಡ. ಅಳಿಯಂದಿರಿಗೆ ನೀವು ಹೇಳಲು ಸಂಕೋಚವಾದರೆ ಇದನ್ನೇ ಕಳುಹಿಸಿ, ಬೈಗುಳ ನನ್ನ ಪಾಲಿಗಿರಲಿ.

ಪ್ರಶ್ನೆ (ವಿಜಯನಗರದಿಂದ): ಅಮೆರಿಕದವರು ವಿಮಾನದಿಂದ ಕೆಂಪು ದ್ರಾವಣ ಸುರಿಯುತ್ತಾರೆ. ನಮ್ಮ ಇಲಾಖೆಯವರು ಹಸಿ ಸೊಪ್ಪು ಹಿಡಿದು ಬಡಿಯುತ್ತಾರೆ. ಇಷ್ಟು ವರ್ಷವಾದರೂ ನಾವು ಇಷ್ಟೇ ಏಕೆ ಸರ್?

ಉತ್ತರ: ಈ ಪ್ರಶ್ನೆಗೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ.

ಆ ಕೆಂಪು ದ್ರಾವಣದಲ್ಲಿರುವುದು ಮುಖ್ಯವಾಗಿ ನೀರು ಮತ್ತು ಗೊಬ್ಬರದ ಜಾತಿಯ ಲವಣ. ಅದನ್ನು ಉರಿಯ ಮೇಲೆ ಸುರಿಯುವುದಕ್ಕಿಂತ ಉರಿ ಬರಲಿರುವ ದಾರಿಯಲ್ಲಿ ಪಟ್ಟಿಯಾಗಿ ಹಾಕುತ್ತಾರೆ. ಅದರಿಂದ ಬೆಂಕಿ ನಿಧಾನವಾಗುತ್ತದೆ, ಅಷ್ಟೇ. ಆ ಹೊತ್ತಿನೊಳಗೆ ನೆಲದ ಮೇಲಿನವರು ಗಡಿ ಕೆತ್ತಿ ಮುಗಿಸಬೇಕು. ಆಕಾಶದಿಂದ ಬೆಂಕಿ ಆರಿಸಿದ ದೇಶ ಯಾವುದೂ ಇಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ತೂಗುಬಕೆಟ್ಟಿನಲ್ಲಿ ನೀರು ತಂದು ಸುರಿದವು. ಸಹಾಯವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಹೆಲಿಕಾಪ್ಟರ್ ಹೋದ ಮೇಲೆ ಹೊಗೆಯಾಡುವ ಕೊರಡನ್ನು ಒಂದೊಂದಾಗಿ ಹೊರಳಿಸಿ ಮಣ್ಣು ಮುಚ್ಚುವವರು ಕಾಲಾಳುಗಳೇ.

ಸೊಪ್ಪಿನ ವಿಷಯ. ನಮ್ಮ ಎಲೆ ಉದುರುವ ಕಾಡಿನಲ್ಲಿ ಬೆಂಕಿ ಹೆಚ್ಚಾಗಿ ನೆಲದ ತರಗೆಲೆಯಲ್ಲಿ ಓಡುತ್ತದೆ. ಮೊಣಕಾಲೆತ್ತರದ ಜ್ವಾಲೆಯನ್ನು ನಾಲ್ಕು ಜನ ಹಸಿ ಕೊಂಬೆಯಿಂದ ಬಡಿದು ಆರಿಸಬಹುದು. ನೀರಿನ ಟ್ಯಾಂಕರ್ ಹೋಗಲಾಗದ ಕಡೆ ಅದೇ ಸರಿಯಾದ ಸಾಧನ. ಲಂಟಾನ ಪೊದೆ ಹೊತ್ತಿದರೆ ಮಾತ್ರ ಕಥೆ ಬೇರೆ, ಉರಿ ಮರದ ತಲೆಗೆ ಏರುತ್ತದೆ. ಆಗ ಯಾರೂ ಹತ್ತಿರ ಹೋಗಬಾರದು. ಹಿಂದೆ ಸರಿದು, ಬೆಂಕಿ ರೇಖೆಯಿಂದ (ಎಲೆ, ಹುಲ್ಲು ತೆಗೆದು ಬಿಡಿಸಿದ ಪಟ್ಟಿಯಿಂದ) ಎದುರು ಬೆಂಕಿ ಕೊಟ್ಟು, ಬರುವ ಬೆಂಕಿಗೆ ತಿನ್ನಲು ಏನೂ ಸಿಗದಂತೆ ಮಾಡಬೇಕು. ಗಾಳಿ ತಿರುಗಿದರೆ ಎದುರು ಬೆಂಕಿ ಕೊಟ್ಟವನ ಮೇಲೆಯೇ ಬರುತ್ತದೆ. 2017ರಲ್ಲಿ ಬಂಡೀಪುರದಲ್ಲಿ ಒಬ್ಬ ಅರಣ್ಯ ರಕ್ಷಕ, 2023ರಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬ, ಬೆಂಕಿ ಆರಿಸಲು ಹೋಗಿ ಪ್ರಾಣ ಕಳೆದುಕೊಂಡರು. ಬೇಸಿಗೆಗೆಂದು ನೇಮಿಸಿಕೊಳ್ಳುವ ಬೆಂಕಿ ಕಾವಲುಗಾರರು ಬಹಳಷ್ಟು ಮಂದಿ ಹಾಡಿಯ ಹುಡುಗರು. ಕಾಲಿಗೆ ಒಳ್ಳೆಯ ಬೂಟು ಕೊಡಿಸಿ ಎಂದು ನಾನು ಬರೆದ ಪತ್ರಗಳನ್ನು ಜೋಡಿಸಿದ್ದರೆ ಒಂದು ಬೆಂಕಿ ರೇಖೆಯೇ ಆಗುತ್ತಿತ್ತು. ವಿಮಾನದ ಮಾತು ಆಮೇಲೆ.

ಇನ್ನೊಂದು ಮಾತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ, ನೆಲದಲ್ಲಿ ಇನ್ನೂ ಸ್ವಲ್ಪ ತೇವವಿರುವಾಗ, ‘ತರಗು ಬೆಂಕಿ’ ಹಾಕುತ್ತಿದ್ದರು. ತರಗೆಲೆ ಮಾತ್ರ ಸುಟ್ಟು ಆರುವ ಸಣ್ಣ ಬೆಂಕಿ ಅದು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಹಬ್ಬಿದ್ದು ಅದರಿಂದಲೇ ಎಂದು ಅವರು ಹೇಳುತ್ತಾರೆ. ನೌಕರಿಯಲ್ಲಿದ್ದಾಗ ನಾನು ಈ ಮಾತನ್ನು ಒಪ್ಪುತ್ತಿರಲಿಲ್ಲ. ಈಗ ಅಷ್ಟು ಖಚಿತವಾಗಿ ಅಲ್ಲಗಳೆಯಲಾರೆ.

ಪ್ರಶ್ನೆ (ಬನಶಂಕರಿಯಿಂದ): ಕನಕಪುರದ ಆಚೆ ಕಾಡಂಚಿನಲ್ಲಿ ನಮ್ಮದು ನಾಲ್ಕು ಎಕರೆ ಮಾವು, ಹೆಂಚಿನ ಮನೆ. ಅಪ್ಪ ಅಮ್ಮ ಅಲ್ಲೇ ಇದ್ದಾರೆ, ಮೂರು ಹಸುಗಳಿವೆ. ಹೋದ ಮಾರ್ಚ್‌ನಲ್ಲಿ ಬೆಂಕಿ ಬೇಲಿಯವರೆಗೆ ಬಂದು ನಿಂತಿತು. ಮುಂದಿನ ಬೇಸಿಗೆಗೆ ಏನು ಮಾಡಬೇಕು?

ಉತ್ತರ: ಮಾರ್ಚ್‌ನಲ್ಲಿ ಮಾಡುವುದಕ್ಕೆ ಏನೂ ಇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಮಾಡಿ. ಕಾಡಿನ ಕಡೆಯ ಗಡಿಗುಂಟ ಟ್ರ್ಯಾಕ್ಟರ್ ಬಿಟ್ಟು, ಹತ್ತು ಹದಿನೈದು ಅಡಿ ಅಗಲ ಉಳುಮೆ ಮಾಡಿಸಿ. ನೀವೇ ಬೆಂಕಿ ಹಾಕಿ ಬೇಲಿ ಸವರಲು ಹೋಗಬೇಡಿ, ನಾನು ಕಂಡ ಕಾಡ್ಗಿಚ್ಚುಗಳಲ್ಲಿ ಎಷ್ಟೋ ಹಾಗೆಯೇ ಹೊರಟವು. ರಾಗಿ ಹುಲ್ಲಿನ ಮೆದೆ ಮನೆಗೆ, ಕೊಟ್ಟಿಗೆಗೆ ಒತ್ತಿಕೊಂಡಿದ್ದರೆ ದೂರಕ್ಕೆ ಸರಿಸಿ. ಕೆಂಡಕ್ಕೆ ಅದಕ್ಕಿಂತ ಪ್ರಿಯವಾದದ್ದು ಇಲ್ಲ. ಹೆಂಚಿನ ಸಂದಿಯಲ್ಲಿ ತುಂಬಿದ ಎಲೆ, ತೆಂಗಿನಲ್ಲಿ ಜೋತುಬಿದ್ದ ಒಣಗರಿ ತೆಗೆಸಿ.

ಹೊರಡಬೇಕಾಗಿ ಬಂದರೆ ಎಲ್ಲಿಗೆ ಎಂದು ಈಗಲೇ ಗೊತ್ತುಮಾಡಿ. 2017ರ ಜೂನ್‌ನಲ್ಲಿ ಪೋರ್ಚುಗಲ್‌ನ ಹಳ್ಳಿಗಾಡಿನಲ್ಲಿ 66 ಜನ ಸತ್ತರು. ಹೆಚ್ಚಿನವರು ಮನೆಯಲ್ಲಲ್ಲ, ತಪ್ಪಿಸಿಕೊಳ್ಳಲು ಹೊರಟು ಒಂದೇ ರಸ್ತೆಯಲ್ಲಿ ಸಿಕ್ಕಿಬಿದ್ದವರು. ಮರುವರ್ಷದಿಂದ ಅಲ್ಲಿ ಊರೂರಿಗೂ ಒಬ್ಬ ಸ್ಥಳೀಯನನ್ನು ಹೊಣೆಗಾರನನ್ನಾಗಿ ಮಾಡಿ, ಊರಿನಲ್ಲೇ ಆಶ್ರಯಕ್ಕೆ ಒಂದು ಕಟ್ಟಡ ಗುರುತಿಸಿ, ತೆರವಿನ ತಾಲೀಮು ಮಾಡಿಸುತ್ತಿದ್ದಾರೆ. ನಿಮ್ಮೂರಿಗೆ ಇಷ್ಟೇ ಸಾಕು: ಉತ್ತ ಹೊಲವೋ ಶಾಲೆಯ ಬಯಲೋ ಒಂದು ಜಾಗ, ವಯಸ್ಸಾದವರ ಮನೆ ಬಾಗಿಲು ತಟ್ಟುವ ಒಬ್ಬ ಹುಡುಗ. ಹಸುಗಳನ್ನು ಮೊದಲೇ ಅಟ್ಟಲಾಗದಿದ್ದರೆ ಹಗ್ಗ ಬಿಚ್ಚಿಬಿಡಿ, ಕಟ್ಟಿಹಾಕಿ ಮಾತ್ರ ಹೋಗಬೇಡಿ. ಹೊಗೆ ಕಂಡ ತಕ್ಷಣ 112ಕ್ಕೋ ಅರಣ್ಯ ಸಹಾಯವಾಣಿ 1926ಕ್ಕೋ ಕರೆ ಮಾಡಿ. ನಿಮ್ಮ ವಲಯ ಕಚೇರಿಯ ನಂಬರನ್ನೂ ಅಪ್ಪನ ಫೋನಿನಲ್ಲಿ ಹಾಕಿಕೊಡಿ.

ಪ್ರಶ್ನೆ (ಮಾರತ್ತಹಳ್ಳಿಯಿಂದ): ಚಾರಣದಲ್ಲಿ ಬೆಂಕಿ ಎದುರಾದರೆ? ಗುಡ್ಡ ಹತ್ತಿ ತಪ್ಪಿಸಿಕೊಳ್ಳಬಹುದೇ?

ಉತ್ತರ: ಹತ್ತಲೇಬೇಡಿ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಮೇಲಕ್ಕೇರುವ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ, ನಿಮ್ಮ ವೇಗ ಅರ್ಧವಾಗುತ್ತದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತದ್ದು ಅಂಥ ಹುಲ್ಲಿನ ಇಳಿಜಾರಿನಲ್ಲೇ. ಪಕ್ಕಕ್ಕೆ, ಕೆಳಕ್ಕೆ ಸರಿಯಿರಿ. ಬರಿ ಬಂಡೆ, ಮೊದಲೇ ಸುಟ್ಟು ಕಪ್ಪಾದ ನೆಲ ಸಿಕ್ಕರೆ ಅಲ್ಲಿ ನಿಲ್ಲಿ. ಪೂರ್ತಿ ಸುಟ್ಟ ನೆಲ ಮತ್ತೆ ಉರಿಯುವುದಿಲ್ಲ. ಫೆಬ್ರವರಿಯಿಂದ ಒಳ್ಳೆಯ ಮಳೆ ಬೀಳುವವರೆಗೆ ಹುಲ್ಲುಗುಡ್ಡದ ಚಾರಣವನ್ನೇ ಬಿಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ (ಉತ್ತರಹಳ್ಳಿಯಿಂದ): ತುರಹಳ್ಳಿ ಕಾಡಿನ ಕಡೆಯಿಂದ ಬೇಸಿಗೆಯಲ್ಲಿ ಹೊಗೆ ಬಂದಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಸಾಕೇ?

ಉತ್ತರ: ಸಾಲದು. ಎನ್-95 ಮಾಸ್ಕ್ ಹಾಕಿ, ಕಿಟಕಿ ಮುಚ್ಚಿ. ಮತ್ತು ಮನೆ ಮುಂದಿನ ಎಲೆ ರಾಶಿಗೆ ಕಡ್ಡಿ ಗೀರುವ ನೆರೆಯವರಿದ್ದರೆ ಅವರೊಡನೆ ಮೊದಲು ಮಾತನಾಡಿ.

ಜಯನಗರದಿಂದ ಮತ್ತೆ: ಸರ್, ನಿಮ್ಮ ಬರಹವನ್ನು ಹಾಗೇ ಕಳುಹಿಸಿದೆ. ಅಳಿಯ ಓದಿ ಹತ್ತು ನಿಮಿಷ ಮಾತನಾಡಲಿಲ್ಲವಂತೆ, ಆಮೇಲೆ ಕಾರು ತೆಗೆದರಂತೆ. ಸ್ಯಾಕ್ರಮೆಂಟೊದಲ್ಲಿ ಸ್ನೇಹಿತರ ಮನೆ ಸೇರಿದ್ದಾರೆ. ಅಲ್ಲಿನ ರಾತ್ರಿ ಹನ್ನೊಂದಕ್ಕೆ ಅವರ ಬೀದಿಗೆ ಆದೇಶ ಬಂತು. ಬೆಕ್ಕನ್ನು ಕರೆದೊಯ್ದಿದ್ದಾರೆ, ನಾನು ಕೊಟ್ಟ ಬೆಳ್ಳಿ ದೀಪಗಳು ಅಲ್ಲೇ ಉಳಿದಿವೆ. ಯಾವಾಗ ಮರಳಬಹುದು?

ಉತ್ತರ: ದೀಪಗಳು ಇರಲಿ ಅಮ್ಮ. ಆದೇಶ ತೆಗೆದಿದ್ದೇವೆ ಎಂದು ಅಲ್ಲಿನ ಆಡಳಿತ ಹೇಳುವವರೆಗೆ ಹೋಗುವುದು ಬೇಡ, ದಾರಿ ತೆರೆದಿದ್ದರೂ ಬೇಡ. ಬೆಂಕಿ ದಾಟಿದ ಮೇಲೂ ಬುಡ ಸುಟ್ಟ ಮರಗಳು ಗಾಳಿಯಿಲ್ಲದೆಯೇ ಉರುಳುತ್ತವೆ. ನೆಲದೊಳಗೆ ಬೇರು ಸುಟ್ಟು ಟೊಳ್ಳಾದ ಕಡೆ ಮೇಲೆ ಬೂದಿ ಸಮವಾಗಿ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲಿನವರೆಗೆ ಕೆಂಡದೊಳಗೆ ಇಳಿಯುತ್ತದೆ. ಹೋದ ದಿನ ಗಟ್ಟಿ ಬೂಟು, ಮಾಸ್ಕ್, ಕೈಗವಸು ಇರಲಿ, ಬೂದಿಯನ್ನು ಒಣದಾಗಿ ಗುಡಿಸದೆ ನೀರು ಚಿಮುಕಿಸಿ ತೆಗೆಯಲಿ. ಬೆಕ್ಕನ್ನು ಮೊದಲ ದಿನವೇ ಹೊರಗೆ ಬಿಡಬೇಡಿ ಎಂದೂ ಹೇಳಿ.