ಪೈಸೆ ಕೇಳೋ ಫಂಕ್ಷನ್ನಿಗೆ ರೂಪಾಯಿ ಕೊಟ್ರೂ ಟೈಪ್‌ಸ್ಕ್ರಿಪ್ಟ್ ಯಾಕ ಸುಮ್ಮನಿರ್ತದ?

ಬೆಳಗಾವಿಯಿಂದ ಪುಣೆಗೆ
ಪುಣೆ ಮಾರ್ಕೆಟ್ ಯಾರ್ಡಿನ ಬೆಲ್ಲದ ಸಗಟು ಅಂಗಡಿಯೊಂದಕ್ಕ ಬಿಲ್ಲಿಂಗ್ ಆಪ್ ಬರಿಲಿಕ್ಕತ್ತೀನಿ. ಇಷ್ಟು ದಿನ ಬರೀ ಜಾವಾ, ಟೈಪ್‌ಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟಿಗೆ ಟೈಪ್ ಸೇರಿಸಿದ ಭಾಷಾ) ಹೊಸದು. ಪೈಸೆಗೊಂದು ಟೈಪ್, ರೂಪಾಯಿಗೊಂದು ಟೈಪ್ ಮಾಡೀನಿ, ಎರಡೂ ನಂಬರ್. ಪೇಮೆಂಟ್ ಗೇಟ್‌ವೇಗೆ ಪೈಸೆ ಲೆಕ್ಕದಾಗ ಕಳಸಬೇಕು, ₹1,250 ಅಂದ್ರ 1,25,000. ನೋಡೋಣು ಅಂತ ಬೇಕಂತಲೇ ರೂಪಾಯಿ ಕೊಟ್ಟೆ. ಒಂದು ಕೆಂಪು ಗೆರಿ ಸುದ್ದಾ ಬರಲಿಲ್ಲ! ಸ್ಟ್ರಿಕ್ಟ್ (ಬಿಗಿ ತಪಾಸಣಿ) ಆನ್ ಐತಿ. ಇದು ಸ್ಟ್ಯಾಟಿಕ್ ಟೈಪಿಂಗ್ (ಓಡಸೂಕಿಂತ ಮೊದ್ಲ ಟೈಪ್ ತಪ್ಪು ಹಿಡಿಯೂದು) ಹೆಂಗಾತ್ರಿ?

ವಾಕಡ್ ವಾಸಿ
ಜಾವಾ ಥರಾನೇ ಎರಡು ಕ್ಲಾಸ್ ಮಾಡಿಬಿಡಿ ಸರ್, ಮುಗೀತು.

ಕೊತ್ರೂಡ್ ಕಂಪೈಲರ್
ಮುಗಿಯಲ್ಲ. ಎರಡು ಕ್ಲಾಸಿನ ಫೀಲ್ಡುಗಳು ಒಂದೇ ಥರ ಇದ್ರೆ ಟೈಪ್‌ಸ್ಕ್ರಿಪ್ಟ್ ಅವನ್ನೂ ಅದಲುಬದಲು ಮಾಡೋಕೆ ಬಿಡುತ್ತೆ. ಒಳಗೊಂದು ಪ್ರೈವೇಟ್ ಅಥವಾ ಪ್ರೊಟೆಕ್ಟೆಡ್ ಫೀಲ್ಡ್ ಇದ್ರೆ ಮಾತ್ರ ಬೇರೆ ಬೇರೆ ಅನ್ನುತ್ತೆ.

ನೀವು ಮಾಡಿರೋದು ಟೈಪ್ ಅಲಿಯಾಸ್. ಮನೇಲಿ ಪುಟ್ಟಿ, ಹಾಜರಿ ಪುಸ್ತಕದಲ್ಲಿ ಬೇರೆ ಹೆಸರು, ಹುಡುಗಿ ಒಬ್ಬಳೇ. ಜಾವಾ ಹೆಸರು ಕೇಳುತ್ತೆ, ಟೈಪ್‌ಸ್ಕ್ರಿಪ್ಟ್ ಆಕಾರ ನೋಡುತ್ತೆ. ಇದು ಸೋಮಾರಿತನ ಅಲ್ಲ. 2012ರಲ್ಲಿ ಅದು ಬರೋ ಹೊತ್ತಿಗೆ ಜಾವಾಸ್ಕ್ರಿಪ್ಟ್ ಜನ ಕ್ಲಾಸಿನ ಹಂಗಿಲ್ಲದೆ ನಿಂತಲ್ಲೇ ಆಬ್ಜೆಕ್ಟ್ ಬರೆದು ರಾಶಿ ಹಾಕಿದ್ರು. ಅದಕ್ಕೆಲ್ಲ ಹೆಸರು ಕೇಳ್ತಾ ಕೂತಿದ್ರೆ ಯಾರೂ ಹತ್ತಿರ ಸೇರಿಸ್ತಿರಲಿಲ್ಲ.

ನಿಮಗೆ ಬೇಕಾಗಿರೋದು ಬ್ರ್ಯಾಂಡೆಡ್ ಟೈಪ್. ನಂಬರ್ ಜೊತೆ, ನಿಜವಾಗಿ ಎಲ್ಲೂ ಇಲ್ಲದ ಒಂದು ಪ್ರಾಪರ್ಟಿಯನ್ನ ಇಂಟರ್‌ಸೆಕ್ಷನ್ (ಎರಡು ಟೈಪನ್ನ ಒಂದು ಮಾಡೋ & ಗುರುತು) ಹಾಕಿ ಅಂಟಿಸಿ. ಅದರ ಟೈಪ್ 'ಪೈಸೆ' ಅನ್ನೋ ಸ್ಟ್ರಿಂಗ್ ಲಿಟರಲ್, ಅಂದ್ರೆ ಆ ಪದ ಒಂದೇ. ನಂಬರನ್ನ ಪೈಸೆ ಮಾಡೋಕೆ ಒಂದೇ ಫಂಕ್ಷನ್ ಇಟ್ಟು, 'ಆ್ಯಸ್' (ಇದು ಈ ಟೈಪೇ, ನನ್ನ ನಂಬು ಅಂತ ಕಂಪೈಲರಿಗೆ ಹೇಳೋ ಪದ) ಬಳಸೋದು ಅದರೊಳಗೆ ಮಾತ್ರ. ಕಂಡಕಂಡಲ್ಲಿ 'ಆ್ಯಸ್' ಹಾಕೋರಿದ್ರೆ ಈ ಕಸರತ್ತು ದಂಡ.

ಕಿರಿಕಿರಿನೂ ಇದೆ. ಪೈಸೆಗೆ ಪೈಸೆ ಕೂಡಿದ್ರೆ ಬರೋದು ಬರೀ ನಂಬರ್, ಬ್ರ್ಯಾಂಡ್ ಉದುರಿಹೋಗಿರುತ್ತೆ. ಕೂಡೋಕೂ ಒಂದು ಫಂಕ್ಷನ್ ಬರೀಬೇಕು. ಬರೀ ನಂಬರ್ ಕೇಳೋ ಕಡೆ ಪೈಸೆ ಕೊಟ್ರೆ ಈಗಲೂ ತಗೊಳ್ಳುತ್ತೆ. ಇನ್ನು ಸರ್ವರಿಂದ ಬರೋ ಜೇಸನ್ (ಪಠ್ಯರೂಪದ ಡೇಟಾ) ಒಳಗೆ ಏನಿದೆ ಅಂತ ಕಂಪೈಲರಿಗೆ ಗೊತ್ತೇ ಆಗಲ್ಲ. ಕೋಡ್ ಓಡೋವಾಗ ಟೈಪ್ ಅನ್ನೋದೇ ಉಳಿದಿರಲ್ಲ, ಅಲ್ಲಿ ನೀವೇ ಪರೀಕ್ಷೆ ಮಾಡಬೇಕು.

ಗೋ ಬರೆಯುವವ
ಗೋ ಭಾಷೆಯಲ್ಲಿ ಟೈಪ್ ಅಂತ ಘೋಷಿಸಿದ್ರೆ ನಿಜವಾಗ್ಲೂ ಬೇರೆ ಟೈಪೇ, ಪೈಸೆ ವೇರಿಯಬಲ್ ಜಾಗಕ್ಕೆ ರೂಪಾಯಿ ವೇರಿಯಬಲ್ ಹೋಗಲ್ಲ. ಆದ್ರೆ ನೇರವಾಗಿ 500 ಅಂತ ಬರೆದ್ರೆ ಎರಡಕ್ಕೂ ಒಪ್ಪುತ್ತೆ, ಹುಷಾರು. ಎಫ್ ಶಾರ್ಪ್ ಭಾಷೆಯಲ್ಲಿ ಅಳತೆಯ ಮಾನಗಳೇ ಟೈಪಿನ ಭಾಗ, ಹೊಟ್ಟೆಕಿಚ್ಚಾಗುತ್ತೆ.

ಬೆಳಗಾವಿಯಿಂದ ಪುಣೆಗೆ
ಬ್ರ್ಯಾಂಡ್ ಹಾಕಿದ ಕೂಡ್ಲೇ ಕೆಂಪು ಗೆರಿ ಬಂತ್ರೀ. ರೂಪಾಯಿ ಟೈಪನ್ನೇ ತೆಗೆದೆ. ಒಳಗೆಲ್ಲಾ ಪೈಸೆ, ಬಿಲ್ ತೋರ್ಸುವಾಗಷ್ಟ 100ರಿಂದ ಭಾಗಸ್ತೀನಿ. ಈಗ ತೂಕದ್ದೂ ಅದೇ ತ್ರಾಸು: ಸೇಠ್ ದರ ಹೇಳೂದು ಕ್ವಿಂಟಲ್‌ಗೆ, ಬೆಲ್ಲದ ಪೆಂಟಿ ತೂಗೂದು ಕಿಲೋದಾಗ. ಎರಡಕ್ಕೂ ಬ್ರ್ಯಾಂಡ್ ಹಾಕ್ಲೋ, ಬರೀ ಕಿಲೋ ಒಂದ ಇಡ್ಲೋ?